ಫ್ರೀಜರ್‌ನಲ್ಲಿ ಲಕ್ಷ್ಮೀ

ನಾವು ಸ್ಟೀಲ್ ಚಮಚಕ್ಕೂ ಹೆಸರು ಹಾಕಿಸುವ ಜನ. ಪಾತ್ರೆ ಅಂಗಡಿಯವನು ಮಿಷನ್ ಹಿಡಿದು ಕುರ್ರ್ ಅನ್ನಿಸಿ ಹೆಸರು, ಊರು, ತಾರೀಖು ಎಲ್ಲ ಬರೆದು ಮುಂದಿನ ಗಿರಾಕಿ ಕಡೆ ತಿರುಗಿಬಿಡುತ್ತಾನೆ. ತಿಂಗಳುಗಟ್ಟಲೆ ಕೂತು ಹೊಲಿದ ಕೌದಿಗೆ ಮಾತ್ರ ಹೆಸರಿಲ್ಲ. ಅದಕ್ಕೇ ಮದುವೆ ಮನೆಗೆ ಹೋದ ಕೌದಿ ವಾಪಸ್ ಬರುವುದಿಲ್ಲ. ಬಂದರೂ ಇನ್ಯಾರದ್ದೋ ಬರುತ್ತದೆ.

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿ ದೂರದಿಂದಲೇ ಗುರುತು ಸಿಗುತ್ತದೆ. ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿದ ಹೂ ಇಡುತ್ತಾರೆ. ನಮ್ಮದೋ, ಹಳೇ ಇಳಕಲ್ ಸೀರೆ. ಓಣಿಯಲ್ಲಿ ಯಾರ ಮನೆ ಕೌದಿ ಬಿಚ್ಚಿದರೂ ಅದೇ ಇಳಕಲ್ ಸೀರೆ.

ಹಾಗಾಗಿ ನಾದಿನಿಯ ಕೌದಿಗೆ ಕಸೂತಿಯ ಲೇಬಲ್ ಹಾಕುವುದು ಅಂತ ತೀರ್ಮಾನವಾಯಿತು. ಬಿಳಿ ಕಾಟನ್ ತುಂಡಿನ ಮೇಲೆ ಹೆಸರು, ಧಾರವಾಡ, 2024. ಹಿಂದುಗಡೆ ಮೂಲೆಗೆ ಹೆಮ್ಮಿಂಗ್. ಇಷ್ಟೇ ಅಲ್ವಾ?

ನಾದಿನಿಯ ಹೆಸರು ಲಕ್ಷ್ಮೀ. ಕ ಮೇಲೆ ಗುಡಿಸು, ಕೆಳಗೆ ಷ ಒತ್ತು, ಅದಕ್ಕಂಟಿಕೊಂಡು ಮ ಒತ್ತು, ಪಕ್ಕದಲ್ಲಿ ದೀರ್ಘ. ಒಂದೇ ಅಕ್ಷರದಲ್ಲಿ ಇಡೀ ಅವಿಭಕ್ತ ಕುಟುಂಬ! ಕಸೂತಿ ದಾರದಲ್ಲಿ ಆರು ಎಳೆ ಇರುತ್ತವೆ. ಆರೂ ಹಾಕಿದರೆ ಒತ್ತು ಹಗ್ಗವಾಗುತ್ತದೆ. ಎರಡೇ ಎಳೆ ಬಿಡಿಸಿಕೊಂಡು, ತಿರುವು ಬಂದಲ್ಲೆಲ್ಲ ಸಣ್ಣ ಸಣ್ಣ ಬ್ಯಾಕ್ ಸ್ಟಿಚ್ ಹಾಕಬೇಕು. ಕನ್ನಡದಲ್ಲಿ ತಿರುವು ಬಿಟ್ಟು ಬೇರೇನಿದೆ? ನೆಟ್ಟಗಿರುವುದನ್ನು ಹೊಲಿಯಬೇಕು ಅಂದರೆ 2024ರ ಕೊನೆಯ ನಾಲ್ಕರವರೆಗೆ ಹೋಗಬೇಕು.

ಮೊದಲು ಪೆನ್ನಿನಲ್ಲಿ ಬರೆದುಕೊಂಡೆ. ಬಿಸಿ ತಾಗಿದರೆ ಅಳಿಸಿಹೋಗುವ ಪೆನ್ನು ಸಿಗುತ್ತದಲ್ಲ, ಅದರಲ್ಲಿ. ಹೊಲಿದು ಮುಗಿಸಿ ಇಸ್ತ್ರಿ ಹೊಡೆದರೆ ಗೆರೆ ಮಾಯ. ಒಳ್ಳೇ ಪೆನ್ನು. ಆದರೆ ನಮ್ಮ ಯಜಮಾನರಿಗೆ ಅವತ್ತೇ ಸಹಾಯ ಮಾಡುವ ಬುದ್ಧಿ ಬಂತು. ‘ಬಟ್ಟೆ ಮುದುಡಿತ್ತು, ಇಸ್ತ್ರಿ ಮಾಡಿಟ್ಟೀನಿ’ ಅಂತ ಹಲ್ಲು ಕಿರಿಯುತ್ತಾ ತಂದುಕೊಟ್ಟರು. ಲಕ್ಷ್ಮಿಯೂ ಇಲ್ಲ, ಧಾರವಾಡವೂ ಇಲ್ಲ. ಗರಿಗರಿ ಬಿಳಿ ಬಟ್ಟೆ.

ಈ ಶಾಯಿ ಫ್ರೀಜರ್‌ನಲ್ಲಿಟ್ಟರೆ ವಾಪಸ್ ಬರುತ್ತದೆ ಅಂತ ಮಗಳು ಹೇಳಿದಳು. ಸುಮ್ನೆ ತಮಾಷೆ ಅಂದುಕೊಂಡೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಟಾಣಿ ಪಕ್ಕ ಇಟ್ಟೆವು. ರಾತ್ರಿ ತೆಗೆದು ನೋಡಿದರೆ ಲಕ್ಷ್ಮೀ ಒತ್ತು, ದೀರ್ಘ ಸಮೇತ ಹಾಜರ್! ಕೊಂಚ ಮಂಕಾಗಿದ್ದಳು ಅಷ್ಟೇ.

ಅಂತೂ ಹೊಲಿದಾಯಿತು. ಕೌದಿ ಮೂಲೆಗೂ ಹಚ್ಚಿದ್ದಾಯಿತು. ಅತ್ತೆ ಕನ್ನಡಕ ಏರಿಸಿ ನೋಡಿದರು. ‘ಏನವಾ, ಲಕ್ಷ್ಮೀ ಹೆಸರ ಮ್ಯಾಲೆ ಕಾಲಿಟ್ಟು ಮಕ್ಕೋಳೂದೇನು?’

ಪಾಯಿಂಟು ಸರಿಯಾಗೇ ಇತ್ತು. ‘ಅತ್ತಿ, ಇದು ತಲಿ ಕಡೆ’ ಅಂದೆ. ‘ನಿನ್ನ ಗಂಡ ರಾತ್ರಿ ಒಂದ ಕಡೆ ಮಕ್ಕೋತಾನೇನು? ಮುಂಜಾನಿ ನೋಡಿದ್ರ ಕೌದಿ ಒಂದ ದಿಕ್ಕು, ಅವ ಒಂದ ದಿಕ್ಕು’ ಅಂದರು. ಆ ಕೌದಿ ಯಜಮಾನರದ್ದಲ್ಲ, ಅವರ ತಂಗಿಯದು. ಆದರೂ ಅತ್ತೆಯ ಮಾತಿಗೆ ಎದುರಾಡಲಾಗದಷ್ಟು ಸಾಕ್ಷಿ ನಮ್ಮ ಮಂಚದ ಮೇಲೇ ದಿನಾ ಸಿಗುತ್ತದೆ. ಕೊನೆಗೆ ಲೇಬಲ್ ಪಕ್ಕದಲ್ಲೇ ಕೆಂಪು ದಾರದಲ್ಲಿ ‘ತಲೆ’ ಅಂತಲೂ ಹೊಲಿದೆ.

ಈಗ ನೆಂಟರಿಗೆಲ್ಲ ಬೇಕಂತೆ. ಸಾವಿತ್ರಿ, ರಾಜೇಶ್ವರಿ, ವಿಶಾಲಾಕ್ಷಿ ಎಲ್ಲರಿಗೂ ಕಣ್ಣು ಮಂಜಾಗಿದೆ ಅಂತ ಹೇಳಿಬಿಟ್ಟೆ. ಒಪ್ಪಿಕೊಂಡಿದ್ದು ಉಮಾ ಒಬ್ಬಳದ್ದೇ. ಅವಳೂ ನಿನ್ನೆ ಫೋನ್ ಮಾಡಿದ್ದಳು. ‘ವೈನಿ, ಪೂರ್ತಿ ಉಮಾಮಹೇಶ್ವರಿ ಅಂತ ಹಾಕ್ರಿ. ಜತೀಗೆ ಇವರ ಹೆಸರೂ ಇರಲಿ.’

ಅವಳ ಗಂಡ ಮೃತ್ಯುಂಜಯ.