ಏಳು ಡಬ್ಬಿ, ಏಳೂ ಬಿಳಿ

ಮೊನ್ನೆ ಹಬ್ಬಕ್ಕೆಂದು ನಾನು ಮಾಡಿದ ಕೇಕಿನ ಒಂದು ಚೂರನ್ನು ನಾದಿನಿಯ ಮಗ ಬಾಯಿಗೆ ಹಾಕಿಕೊಂಡು, ನುಂಗಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಅತ್ಯಂತ ವಿನಯದಿಂದ, "ಅತ್ತೆ, ಇದನ್ನು ತಿಂದ ಮೇಲೆ ನೀರು ಕುಡಿದರೆ ನೊರೆ ಬರುತ್ತದೆಯೇ?" ಎಂದು ಕೇಳಿದ. ಎಂಟು ವರ್ಷದ ಹುಡುಗನ ಮೇಲೆ ಸಿಟ್ಟಾಗುವಂತಿರಲಿಲ್ಲ. ಅವನ ಪ್ರಶ್ನೆ ನ್ಯಾಯವಾಗಿಯೇ ಇತ್ತು. ನನ್ನ ಸಿಟ್ಟಿಗೆ ನಿಜವಾಗಿ ಅರ್ಹರಾಗಿದ್ದವರು ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತು, ಕಾಫಿಯಲ್ಲಿ ಏನೋ ಬಿದ್ದಿದೆಯೆಂಬಂತೆ ಲೋಟದೊಳಗನ್ನೇ ದಿಟ್ಟಿಸುತ್ತಿದ್ದರು.

ನಮ್ಮ ಮನೆಯವರು ನಿವೃತ್ತರಾದ ಮೊದಲ ತಿಂಗಳು ನಿದ್ದೆ ಮಾಡಿದರು, ಎರಡನೆಯ ತಿಂಗಳು ಹಳೆಯ ಕಾಗದಪತ್ರಗಳನ್ನು ವಿಂಗಡಿಸಿದರು, ಮೂರನೆಯ ತಿಂಗಳಿಗೆ ವಿಂಗಡಿಸಲು ಮನೆಯಲ್ಲಿ ಅಡುಗೆಮನೆಯೊಂದನ್ನು ಬಿಟ್ಟು ಬೇರೇನೂ ಉಳಿಯಲಿಲ್ಲ. ಒಂದು ಮಧ್ಯಾಹ್ನ ನಾನು ಹೊರಗೆ ಹೋಗಿ ಬರುವಷ್ಟರಲ್ಲಿ ನನ್ನ ಕಪಾಟಿನಲ್ಲಿ ರಬ್ಬರ್ ಬ್ಯಾಂಡು ಸುತ್ತಿದ ಪೊಟ್ಟಣ, ಕ್ಲಿಪ್ಪು ಹಾಕಿದ ಪ್ಯಾಕೆಟ್ಟು, ಬಾಯಿ ಮಡಚಿಟ್ಟ ಚೀಲ ಒಂದೂ ಇರಲಿಲ್ಲ. ಅವುಗಳ ಜಾಗದಲ್ಲಿ ಒಂದೇ ಎತ್ತರದ, ಒಂದೇ ಮುಚ್ಚಳದ, ಒಂದೇ ಗಾತ್ರದ ಗಾಜಿನ ಡಬ್ಬಿಗಳು ಕವಾಯತಿಗೆ ನಿಂತ ಸಿಪಾಯಿಗಳಂತೆ ಸಾಲಾಗಿ ನಿಂತಿದ್ದವು. ನೋಡಲು ಚೆನ್ನಾಗಿತ್ತು ಎಂಬುದನ್ನು ನಾನು ಒಪ್ಪಿಕೊಳ್ಳಲೇಬೇಕು. ಕಾಳುಗಳನ್ನಂತೂ ಕಣ್ಣು ಮುಚ್ಚಿ ಗುರುತಿಸಬಹುದಿತ್ತು. ಆದರೆ ಎರಡನೆಯ ಅರೆಯಲ್ಲಿ ಏಳು ಡಬ್ಬಿಗಳಿದ್ದವು, ಏಳರಲ್ಲಿಯೂ ಬಿಳಿಯ ಪುಡಿಯಿತ್ತು.

"ಲೇಬಲ್ ಎಲ್ಲಿ?" ಎಂದು ಕೇಳಿದೆ. "ಲೇಬಲ್ ಅಂಟಿಸಿದರೆ ಅಂದ ಕೆಡುತ್ತದೆ ಕಣೇ" ಎಂದರು. ಮೂವತ್ತೈದು ವರ್ಷ ಕಚೇರಿಯಲ್ಲಿ ಕಡತದ ಮೇಲೆ ಸಂಖ್ಯೆ, ವಿಷಯ, ದಿನಾಂಕ ಬರೆಯದೆ ಒಂದು ಹಾಳೆಯನ್ನೂ ಒಳಗೆ ಸೇರಿಸದಿದ್ದ ಮನುಷ್ಯರ ಮಾತಿದು. ಪ್ಯಾಕೆಟ್ಟುಗಳನ್ನು ಆಗಲೇ ಕಸದ ಗಾಡಿಗೆ ಹಾಕಿಯಾಗಿತ್ತು; ಅವುಗಳ ಜೊತೆಗೆ ಅವುಗಳ ಮೇಲಿದ್ದ ತಾರೀಖುಗಳೂ ಹೋಗಿದ್ದವು. ತೆರೆದಿಟ್ಟ ಬೇಕಿಂಗ್ ಪೌಡರಿನ ಕಸುವು ಕೆಲವು ತಿಂಗಳುಗಳಲ್ಲಿ ಕುಗ್ಗುತ್ತ ಬರುತ್ತದೆಂದೂ, ತಾರೀಖು ತಿಳಿಯದೆ ಅದನ್ನು ನಂಬುವಂತಿಲ್ಲವೆಂದೂ ನಾನು ವಿವರಿಸಿದಾಗ ಅವರು ತಮ್ಮ ಹಣೆಯನ್ನು ಬೆರಳಿನಿಂದ ತಟ್ಟಿ, "ಎಲ್ಲ ಇಲ್ಲಿದೆ" ಎಂದರು.

ಅಂದಿನಿಂದ ನಮ್ಮ ಅಡುಗೆ ಆ ಹಣೆಯನ್ನು ನಂಬಿ ನಡೆಯುತ್ತಿದೆ. ಒಂದು ದಿನ ಸಾರನ್ನು ಮಂದ ಮಾಡಲು ಹಾಕಿದ ಕಾರ್ನ್ ಫ್ಲೋರ್ ಹಾಲಿನ ಪುಡಿಯಾಗಿತ್ತು. ಇನ್ನೊಂದು ದಿನ ಮಗಳು ಹಣ್ಣಿನ ಮೇಲೆ ಉದುರಿಸಿಕೊಂಡ ಪುಡಿ ಸಕ್ಕರೆ ಮೈದಾ ಆಗಿತ್ತು. ಪ್ರತಿ ಬಾರಿಯೂ ಇವರು ಬಂದು, ಡಬ್ಬಿಯನ್ನು ಬೆಳಕಿಗೆ ಹಿಡಿದು, ಅಲುಗಿಸಿ, "ನಾನು ಹೇಳಿದ್ದು ಇದರ ಪಕ್ಕದ್ದು" ಎನ್ನುತ್ತಾರೆ. ಪಕ್ಕ ಎಂಬುದಕ್ಕೆ ಎರಡು ದಿಕ್ಕುಗಳಿವೆ ಎಂಬ ನನ್ನ ವಾದವನ್ನು ಈವರೆಗೆ ಅವರು ಕಿವಿಗೆ ಹಾಕಿಕೊಂಡಿಲ್ಲ. ಸಾಲದ್ದಕ್ಕೆ ವಾರಕ್ಕೊಮ್ಮೆ ಅರೆಯನ್ನು ಒರೆಸುತ್ತಾರೆ. ಒರೆಸುವಾಗ ಡಬ್ಬಿಗಳನ್ನು ಕೆಳಗಿಳಿಸುತ್ತಾರೆ, ಮತ್ತೆ ಮೇಲೇರಿಸುತ್ತಾರೆ. ಇಳಿದ ಕ್ರಮದಲ್ಲಿಯೇ ಅವು ಏರಿದವೇ ಎಂದು ಕೇಳಿದರೆ ಅದು ಅವರ ನೆನಪಿನ ಶಕ್ತಿಗೆ ಮಾಡಿದ ಅವಮಾನವಾಗುತ್ತದೆ.

ಹಬ್ಬದ ಹಿಂದಿನ ದಿನ ಅರೆ ಒರೆಸುವ ಸರದಿಯಿತ್ತು. ಮರುದಿನ ಬೆಳಿಗ್ಗೆ ನಾನು ಬೆಣ್ಣೆ, ಸಕ್ಕರೆಯನ್ನು ನೊರೆಯಾಗುವಂತೆ ತಿರುವಿ, ಮೊಟ್ಟೆ ಒಡೆದು ಹಾಕಿ, 250 ಗ್ರಾಂ ಮೈದಾ ಅಳೆದಿಟ್ಟು (ಮೈದಾವನ್ನು ಮೊದಲೇ ನೆಕ್ಕಿ ಖಚಿತಪಡಿಸಿಕೊಂಡಿದ್ದೆ), ಕೈ ಹಿಟ್ಟಾಗಿದ್ದ ಕಾರಣ ಅಡುಗೆಮನೆಯಿಂದಲೇ ಕೂಗಿದೆ: "ರೀ, ಬೇಕಿಂಗ್ ಪೌಡರ್ ಯಾವುದು?" ಪತ್ರಿಕೆಯ ಹಿಂದಿನಿಂದ ಕ್ಷಣವೂ ತಡವಿಲ್ಲದೆ ಉತ್ತರ ಬಂತು: "ಎಡಗಡೆಯಿಂದ ನಾಲ್ಕನೆಯದು." ಅಷ್ಟು ಆತ್ಮವಿಶ್ವಾಸದಿಂದ ಹೇಳಿದ ಉತ್ತರವನ್ನು ಅನುಮಾನಿಸಲು ನನಗೆ ಮನಸ್ಸಾಗಲಿಲ್ಲ. ಎರಡು ಟೀ ಚಮಚ ಹಾಕಿದೆ.

ಅದು ಅಡುಗೆ ಸೋಡಾ ಆಗಿತ್ತು. ಅಷ್ಟು ಮೈದಾಕ್ಕೆ ಅರ್ಧ ಚಮಚ ಸೋಡಾ ಹಾಕಿದರೂ ಧಾರಾಳವಾಯಿತು, ಅದೂ ಮೊಸರೋ ನಿಂಬೆರಸವೋ ಏನಾದರೊಂದು ಹುಳಿ ಜೊತೆಗಿದ್ದರೆ. ಬೇಕಿಂಗ್ ಪೌಡರಿನಲ್ಲಿಯಾದರೆ ಸೋಡಾದ ಜೊತೆಗೆ ಅದಕ್ಕೆ ಬೇಕಾದ ಹುಳಿಯೂ ಪುಡಿಯ ರೂಪದಲ್ಲಿ ಸೇರಿಯೇ ಇರುತ್ತದೆ. ನನ್ನ ಹಿಟ್ಟಿನಲ್ಲಿ ಹುಳಿ ಎಂಬುದು ಹೆಸರಿಗೂ ಇರಲಿಲ್ಲ. ಹುಳಿ ಸಿಗದ ಸೋಡಾ ಒಲೆಯ ಕಾವಿಗೆ ಸುಮ್ಮನೆ ಕೂರುವುದಿಲ್ಲ. ಒಡೆದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ. ಅಂಗಡಿಯಲ್ಲಿ ಅದನ್ನು ಬಟ್ಟೆ ಒಗೆಯುವ ಸೋಡಾ ಎಂದು ಮಾರುತ್ತಾರೆ. ಹಾಗಾಗಿ ನಾದಿನಿಯ ಮಗ ಕೇಳಿದ್ದು ತಮಾಷೆಯಲ್ಲ, ರಸಾಯನಶಾಸ್ತ್ರ.

ಓವನ್ನಿನಿಂದ ಹೊರಬಂದಾಗ ಮಾತ್ರ ಆ ಕೇಕಿನ ಚೆಲುವನ್ನು ನೋಡಬೇಕಿತ್ತು. 180 ಡಿಗ್ರಿಯಲ್ಲಿ ನಲವತ್ತು ನಿಮಿಷ ಬೆಂದು, ನಾನು ಹಿಂದೆಂದೂ ಸಾಧಿಸದಿದ್ದ ಗಾಢ ಕಂದು ಬಣ್ಣಕ್ಕೆ ಬಂದಿತ್ತು. ಸೋಡಾ ಹೆಚ್ಚಾದಷ್ಟೂ ಬಣ್ಣ ಬೇಗ ಏರುತ್ತದೆಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ. ನನ್ನ ಕೈಗುಣ ಕೊನೆಗೂ ಹಣ್ಣಾಯಿತೆಂದುಕೊಂಡೆ. ಇವರು ಫೋಟೋ ತೆಗೆದು ನಾಲ್ಕಾರು ಬಂಧುಗಳಿಗೆ ಕಳಿಸಿಯೂ ಬಿಟ್ಟರು. ಆಮೇಲೆ ಕತ್ತರಿಸಿದ್ದಾಯಿತು, ಹಂಚಿದ್ದಾಯಿತು, ಮೇಜಿನ ಸುತ್ತ ಒಂದು ಬಗೆಯ ಮೌನ ಹರಡಿತು. ನಾದಿನಿ ಸಂಸ್ಕಾರವಂತೆ. ಬಾಯಲ್ಲಿದ್ದುದನ್ನು ಕಾಫಿಯ ನೆರವಿನಿಂದ ಒಳಗೆ ಕಳಿಸಿ, "ಬಣ್ಣ ಬಹಳ ಚೆನ್ನಾಗಿ ಬಂದಿದೆ ಅತ್ತಿಗೆ" ಎಂದಳು. ತಿನ್ನುವ ವಸ್ತುವಿನ ಬಣ್ಣವನ್ನು ಹೊಗಳಿದರೆಂದರೆ ಅದರ ಅರ್ಥವೇನೆಂದು ಅಡುಗೆ ಮಾಡುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಆಲ್‌ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿಯೊಬ್ಬನಿದ್ದ. ಅವನ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲವೆಂದು, ಅವಳೂ ಬ್ರೆಡ್ಡು ತಿನ್ನುವಂತಾಗಲೆಂದು, 1843ರಲ್ಲಿ ಅವನು ಒಂದು ಬೇಕಿಂಗ್ ಪೌಡರನ್ನು ಸಿದ್ಧಪಡಿಸಿದ. ಅವಳಿಗೆ ಮೊಟ್ಟೆಯೂ ಆಗುತ್ತಿರಲಿಲ್ಲವಾದ್ದರಿಂದ ಅದಕ್ಕೂ ಮೊದಲೇ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ ಮಾಡಿಕೊಟ್ಟಿದ್ದ. ಹಬ್ಬದ ಆ ಸಂಜೆ ಪಾತ್ರೆ ತೊಳೆಯುತ್ತ ನಾನು ಈ ಸಂಗತಿಯನ್ನು ತುಸು ಗಟ್ಟಿಯಾದ ದನಿಯಲ್ಲಿಯೇ ಹೇಳಿದೆ. ಒಬ್ಬ ಗಂಡ ಹೆಂಡತಿಗಾಗಿ ಕಂಡುಹಿಡಿದದ್ದನ್ನು ಇನ್ನೊಬ್ಬ ಗಂಡ ಕಾಣದಂತೆ ಮಾಡಿದ್ದಾರೆ ಎಂಬ ಮಾತು ಹಾಲಿನವರೆಗೆ ಸ್ಪಷ್ಟವಾಗಿ ಕೇಳಿಸಿರಬೇಕು, ಏಕೆಂದರೆ ಟಿವಿಯ ಸದ್ದು ಏರಿತು.

ಆದರೂ ರಾತ್ರಿ ನೆಂಟರೆಲ್ಲ ಹೊರಟ ಮೇಲೆ ಅವರೇ ಏಳು ಬಟ್ಟಲು, ಒಂದು ನಿಂಬೆಹಣ್ಣು, ಬಿಸಿನೀರಿನ ಪಾತ್ರೆ ಮತ್ತು ಹಳೆಯ ಡೈರಿಯೊಂದನ್ನು ಹಿಡಿದು ಅಡುಗೆಮನೆಗೆ ಬಂದರು. ಅವರು ಬರೆದುಕೊಳ್ಳುವುದು, ನಾನು ಪರೀಕ್ಷಿಸುವುದು ಎಂದಾಯಿತು. ಬೆರಳುಗಳ ನಡುವೆ ಉಜ್ಜಿದಾಗ ಕಿರುಗುಟ್ಟಿದ್ದು ಕಾರ್ನ್ ಫ್ಲೋರ್. ಬಿಸಿನೀರು ಬಿದ್ದೊಡನೆ ಬುಸುಗುಟ್ಟಿದ್ದು ಬೇಕಿಂಗ್ ಪೌಡರ್. ಅದು ಎಡಗಡೆಯಿಂದ ಆರನೆಯದಾಗಿತ್ತು. ಬಿಸಿನೀರಿಗೆ ಹೆಚ್ಚೇನೂ ಮಿಸುಕದೆ ನಿಂಬೆರಸ ತಾಗುತ್ತಲೇ ಉಕ್ಕಿ ಬಂದದ್ದು ನಮ್ಮ ಅಪರಾಧಿ. ಮೈದಾ, ಸಕ್ಕರೆ, ಹಾಲಿನ ಪುಡಿಗಳಿಗೆ ನಾಲಿಗೆಯೇ ಸಾಕಾಯಿತು. ಏಳನೆಯದು ಮಾತ್ರ ನೀರಿಗೂ ಜಗ್ಗಲಿಲ್ಲ, ನಿಂಬೆಗೂ ಬಗ್ಗಲಿಲ್ಲ. ಇವರು ಅದನ್ನು ಮೂಸಿ, ಮತ್ತೆ ಮೂಸಿ, ಒಂದು ಚಿಟಿಕೆಯನ್ನು ನಾಲಿಗೆಯ ತುದಿಗೆ ಒಯ್ಯುವ ಹೊತ್ತಿಗೆ ನೀರು ಕುಡಿಯಲು ಬಂದ ಮಗಳು, "ಅಪ್ಪಾ, ಅದು ಕೇರಂ ಬೋರ್ಡಿನ ಪೌಡರ್" ಎಂದಳು. ಡೈರಿಯಲ್ಲಿ ಏಳನೆಯ ಸಂಖ್ಯೆಯ ಮುಂದಿನ ಜಾಗ ಇಂದಿಗೂ ಖಾಲಿಯಾಗಿದೆ.

ಇಷ್ಟೆಲ್ಲ ಬರೆದ ಮೇಲೆ ನನ್ನ ಕಡೆಯದೂ ಒಂದು ತಪ್ಪನ್ನು ಹೇಳಬೇಕು. ನನ್ನ ಅಮ್ಮನ ಕೈಬರಹದ ಪುಸ್ತಕದಲ್ಲಿ ಬಿಸ್ಕತ್ತಿನ ವಿಧಾನವೊಂದಿದೆ: ಎರಡು ಕಪ್ಪು ಹಿಟ್ಟು, ಮುಕ್ಕಾಲು ಕಪ್ಪು ಸಕ್ಕರೆ, ಮುಕ್ಕಾಲು ಕಪ್ಪು ಬೆಣ್ಣೆ. 250 ಮಿಲಿಲೀಟರಿನ ಕಪ್ಪಿನಲ್ಲಿ ಅಳೆದು ನೋಡಿದೆ, ಅಮೆರಿಕದವರ ಸುಮಾರು 237 ಮಿಲಿಲೀಟರಿನ ಕಪ್ಪಿನಲ್ಲಿಯೂ ಅಳೆದು ನೋಡಿದೆ. ಆ ಬಿಸ್ಕತ್ತು ಬರಲಿಲ್ಲ. ಹಿಟ್ಟಿಗೊಂದು, ಬೆಣ್ಣೆಗೊಂದು ಎಂದು ಅಮ್ಮನ ಬಳಿ ಎರಡು ಕಪ್ಪುಗಳಿದ್ದವು. ಒಂದರ ಹಿಡಿ ಮುರಿದಿತ್ತು, ಇನ್ನೊಂದರ ಅಂಚು ಸೀಳಿತ್ತು. ಯಾವುದು ಯಾವುದಕ್ಕೆ ಎಂದು ಅವಳು ಪುಸ್ತಕದಲ್ಲಿ ಬರೆಯಲಿಲ್ಲ, ಕೇಳಬೇಕೆಂದು ನನಗೂ ತೋಚಲಿಲ್ಲ. ಅವಳು ಹೋದ ಮೇಲೆ ಮನೆ ಖಾಲಿ ಮಾಡುವಾಗ, ಒಡಕು ಕಪ್ಪುಗಳು ಯಾರಿಗೆ ಬೇಕೆಂದು ಎರಡನ್ನೂ ಹೊರಗೆ ಹಾಕಿದವಳು ನಾನೇ.

ಮೊನ್ನೆಯಿಂದ ಏಳು ಡಬ್ಬಿಗಳ ತಳಕ್ಕೆ ಏಳು ಚೀಟಿಗಳು ಅಂಟಿಕೊಂಡಿವೆ. ಅಂದ ಕೆಡಬಾರದೆಂದು ಇವರು ತಳಕ್ಕೇ ಅಂಟಿಸಿದ್ದಾರೆ. ಓದಬೇಕಾದರೆ ಡಬ್ಬಿಯನ್ನು ಬೋರಲು ಮಾಡಬೇಕು. ಈಗ ನಾನಿದನ್ನು ಬರೆಯುತ್ತಿರುವಂತೆಯೇ ಅಡುಗೆಮನೆಯಿಂದ ಗಾಜು ಮುಚ್ಚಳಕ್ಕೆ ತಾಗುವ ಸದ್ದು ಒಂದಾದ ಮೇಲೊಂದರಂತೆ ಕೇಳಿಬರುತ್ತಿದೆ. ಹರಳು ಸಕ್ಕರೆ ನಿನ್ನೆಯೇ ಮುಗಿದಿದೆ. ಇವರು ತಮ್ಮ ಟೀಗೆ ಪುಡಿ ಸಕ್ಕರೆಯನ್ನು ಹುಡುಕುತ್ತಿದ್ದಾರೆ. ಮುಚ್ಚಳವೊಂದು ಸಡಿಲವಾಗಿದೆ ಎಂಬುದು ನನಗೆ ಗೊತ್ತಿದೆ, ಯಾವುದೆಂಬುದೂ ಗೊತ್ತಿದೆ. ನಾನು ಏಳುವುದಿಲ್ಲ.