ದನಿ ತೆಳು ಅಲ್ರೀ, ಓಟ ಜಾಸ್ತಿ

ಹುಬ್ಬಳ್ಳಿ ಹತ್ರದ ಅದರಗುಂಚಿಯ ಹಳೇ ಕಾಲದ ನಟಿ-ಗಾಯಕಿ ಶಾಂತಾ ಹುಬ್ಳೀಕರರನ್ನು ನಿಮ್ಮ ಬರಹದಲ್ಲಿ ನೆನೆದದ್ದು ಛಲೋ ಆತು, ಹುಬ್ಬಳ್ಳಿ ಮಂದಿಗೇ ಈ ಹೆಸರು ಮರೆತಂಗಾಗೇತಿ. ಆದರೆ 1939ರ ಮರಾಠಿ ಚಿತ್ರ ‘ಮಾಣೂಸ್’ನಲ್ಲಿ ಅವರ ದನಿ ‘ತೆಳು, ಕೀರಲು’ ಅಂತ ನೀವು ಬರೆದದ್ದನ್ನು ಒಪ್ಪಲಾರೆ. ನೀವು ಕೇಳಿದ್ದು ಹಳೇ ಟೀವಿ ಪ್ರತಿಯಿಂದ ಇಳಿಸಿದ ವಿಡಿಯೋ ಇದ್ದೀತು. ಸಿನಿಮಾ ರೀಲು ಸೆಕೆಂಡಿಗೆ 24 ಫ್ರೇಮ್, ನಮ್ಮ ಟೀವಿ 25. ಹಾಗೇ ವರ್ಗಾಯಿಸಿದರೆ ಓಟ ಶೇ. 4ರಷ್ಟು ಏರಿ, ಶ್ರುತಿಯೂ ಹಾರ್ಮೋನಿಯಂನ ಒಂದು ಮನೆಯ ಮುಕ್ಕಾಲು ಪಾಲಿನಷ್ಟು ಮೇಲೆ ಜಿಗಿಯುತ್ತದೆ. 100 ನಿಮಿಷದ ಚಿತ್ರ 96ಕ್ಕೇ ಮುಗಿದರೆ ರೋಗ ಇದೇ ಅಂತ ತಿಳೀರಿ. ಧ್ವನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ‘ಚೇಂಜ್ ಸ್ಪೀಡ್ ಅಂಡ್ ಪಿಚ್’ಗೆ ಹೋಗಿ 0.96 ಕೊಟ್ಟು ಕೇಳಿ. ‘ಚೇಂಜ್ ಟೆಂಪೋ’ ಮುಟ್ಟಬೇಡಿ, ಅದು ಲಯ ಇಳಿಸಿ ಶ್ರುತಿಯನ್ನು ಅಲ್ಲೇ ಬಿಡುತ್ತದೆ. ಆ ಚಿತ್ರದಲ್ಲಿ ಅವರು ಹಾಡಿದ ‘ಕಶಾಲಾ ಉದ್ಯಾಚೀ ಬಾತ್’ ಹಾಡಿನ ಕೆಳಸ್ವರಗಳ ತೂಕ ಆಗ ಗೊತ್ತಾಗತೈತಿ.

ಇನ್ನೊಂದು, ಅವರನ್ನು ನೀವು ‘ಬರೀ ಮರಾಠಿ ನಟಿ’ ಅಂದದ್ದೂ ತಪ್ಪು. ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ದ ನಾಯಕಿ ಯಾರು ಮತ್ತೆ? ಅದು ಅಚ್ಚ ಕನ್ನಡ ಚಿತ್ರ.