ಹದಿನಾಲ್ಕು-ಎ

ತಿರಸ್ಕೃತವಾದ ವೈದ್ಯಕೀಯ ಪ್ರಬಂಧವನ್ನು ಮತ್ತೊಂದು ಜರ್ನಲ್‌ಗೆ ಕಳುಹಿಸುವುದೆಂದರೆ, ಒಳಗಿನ ವಿಜ್ಞಾನವನ್ನು ಎಳ್ಳಷ್ಟೂ ಅಲುಗಿಸದೆ ಉಲ್ಲೇಖಪಟ್ಟಿಯನ್ನು ಮಾತ್ರ ಬುಡಮೇಲು ಮಾಡುವುದೆಂದೇ ಅರ್ಥ. ಹಿಂದಿನ ಜರ್ನಲ್‌ನವರು ಉಲ್ಲೇಖಗಳಿಗೆ ವ್ಯಾಂಕೂವರ್ ಶೈಲಿ ಕೇಳಿದ್ದರು. ನಿನ್ನೆ ಆರಿಸಿಕೊಂಡ ಜರ್ನಲ್‌ನವರಿಗೆ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ, ಅಂದರೆ ಎ.ಎಂ.ಎ. ಶೈಲಿಯೇ ಬೇಕಂತೆ. ಎರಡೂ ಅಂಕಿಗಳ ಪದ್ಧತಿಯೇ. ಪ್ರಬಂಧದಲ್ಲಿ ಮೊದಲು ಬಂದ ಆಕರಕ್ಕೆ 1, ಆಮೇಲಿನದಕ್ಕೆ 2. ಆದರೆ ಎ.ಎಂ.ಎ.ಯಲ್ಲಿ ಅಂಕಿ ಚಿಕ್ಕದಾಗಿ ಸಾಲಿನ ತಲೆಯ ಮೇಲೇರಿ ಕೂರಬೇಕು, ಜರ್ನಲ್‌ನ ಹೆಸರು ಓರೆ ಅಕ್ಷರದಲ್ಲಿರಬೇಕು. ಇಸವಿಯ ನಂತರದ ಅರ್ಧವಿರಾಮವಾದ (;) ಮೇಲಂತೂ ಎರಡರಲ್ಲೂ ಜಾಗ ಬಿಡಕೂಡದು.

1978ರಲ್ಲಿ ವೈದ್ಯಕೀಯ ಜರ್ನಲ್‌ಗಳ ಕೆಲವು ಸಂಪಾದಕರು ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ, ಹಸ್ತಪ್ರತಿಗಳಿಗೆಲ್ಲ ಏಕರೂಪದ ನಿಯಮಗಳಿರಲಿ ಎಂದು ತೀರ್ಮಾನಿಸಿದ್ದರಿಂದಲೇ ಆ ಶೈಲಿಗೆ ಆ ಹೆಸರು ಬಂತು. ಅವರ ಸದುದ್ದೇಶಕ್ಕೊಂದು ದೊಡ್ಡ ನಮಸ್ಕಾರ.

ಇಷ್ಟನ್ನೂ ತಂತ್ರಾಂಶವೊಂದು ಕ್ಷಣದಲ್ಲಿ ಮಾಡಿಕೊಡುತ್ತದೆ ಎಂದು ಯಾರಾದರೂ ಹೇಳಿಯಾರು. ಮಾಡಿಕೊಡುತ್ತದೆ, ನಿಜ, ಆದರೆ ಅದು ನಮ್ಮ ತಂಡದ ಹಿರಿಯರನ್ನು ಕಂಡಿಲ್ಲ. ಕಡತವೆಲ್ಲ ಸಿದ್ಧವಾಗಿ, ಕಳುಹಿಸುವ ಗುಂಡಿಯೊಂದನ್ನು ಒತ್ತುವುದು ಬಾಕಿ ಇರುವಾಗಲೇ "ಇದೊಂದು ಸೇರಿಸಿಬಿಡಪ್ಪ" ಎಂಬ ಅವರ ಸಂದೇಶ ಬರುತ್ತದೆ. ಸೇರಿಸಬೇಕಾದದ್ದು ಬಹುತೇಕ ಅವರದೇ ಹಳೆಯ ಪ್ರಬಂಧ. ತಂತ್ರಾಂಶವನ್ನು ಅವರು ನಂಬುವುದಿಲ್ಲವಾದ್ದರಿಂದ ತಾವೇ ಕಡತ ತೆರೆದು, 14ಕ್ಕೂ 15ಕ್ಕೂ ನಡುವೆ ಕೈಯಾರೆ '14ಎ' ಎಂದು ಟೈಪಿಸಿ, ಲೇಖಕರ ಹೆಸರಿನ ಪಕ್ಕದಲ್ಲೇ ಆವರಣದೊಳಗೆ ಇಸವಿಯನ್ನಿಟ್ಟು, ಹಾರ್ವರ್ಡ್ ಶೈಲಿಗೂ ತಮ್ಮ ಗೌರವ ಸಲ್ಲಿಸಿಬಿಡುತ್ತಾರೆ. ಆ ಶೈಲಿಯ ಮೂಲವನ್ನು ಎಡ್ವರ್ಡ್ ಲಾರೆನ್ಸ್ ಮಾರ್ಕ್ ಎಂಬ ಪ್ರಾಣಿಶಾಸ್ತ್ರಜ್ಞ ಚಿಪ್ಪಿಲ್ಲದ ಬಸವನಹುಳುವಿನ ಬಗ್ಗೆ 1881ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗುರುತಿಸಲಾಗುತ್ತದೆ. ನಮ್ಮ ಕೆಲಸ ಸಾಗುವ ವೇಗವನ್ನು ನೋಡಿದರೆ ಅದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. ನಿನ್ನೆ 14ಎಯನ್ನು ವಿಧಿವತ್ತಾಗಿ 15 ಮಾಡಿ, ಅದರಿಂದಾಚೆಯ ಅಂಕಿಗಳೆಲ್ಲ ಒಂದೊಂದು ಸ್ಥಾನ ಸರಿದು ನಿಂತವೆಂದು ನಿಟ್ಟುಸಿರು ಬಿಡುವಷ್ಟರಲ್ಲಿ '14ಬಿ' ಬಂತು.

ಇದೆಲ್ಲದರ ನಡುವೆ ಮನಸ್ಸಿಗೆ ಚುಚ್ಚುವ ಒಂದು ನಿಯಮವಿದೆ. ಉಲ್ಲೇಖಿಸಿದ ಪ್ರಬಂಧದ ಲೇಖಕರು ಆರಕ್ಕಿಂತ ಹೆಚ್ಚಿದ್ದರೆ ವ್ಯಾಂಕೂವರ್ ಮೊದಲ ಆರು ಹೆಸರುಗಳನ್ನು ಉಳಿಸಿಕೊಳ್ಳುತ್ತದೆ, ಎ.ಎಂ.ಎ. ಮೂವರಿಗೇ ಸಾಕು ಮಾಡಿ ಉಳಿದವರನ್ನು 'ಮತ್ತಿತರರು' ಎಂದುಬಿಡುತ್ತದೆ. ವಾರ್ಡಿನಿಂದ ವಾರ್ಡಿಗೆ ಅಲೆದು ರಕ್ತದ ಮಾದರಿ ಸಂಗ್ರಹಿಸಿದ ಕಿರಿಯರು ಸಾಮಾನ್ಯವಾಗಿ ಆ ನಾಲ್ಕನೆಯ, ಐದನೆಯ ಜಾಗದಲ್ಲೇ ಇರುತ್ತಾರೆ. ಶೈಲಿ ಬದಲಿಸುವ ಒಂದು ಕ್ಲಿಕ್ಕಿಗೆ ಅಷ್ಟೂ ಹೆಸರುಗಳು ಅಳಿಸಿಹೋಗುವಾಗ, ಎಲ್ಲೋ ಇರುವ ಆ ಅಪರಿಚಿತರ ಮುಂದೆ ನನಗೇಕೋ ಸಂಕೋಚವಾಗುತ್ತದೆ.

ಮೊದಲ ಸಲ ಕಳುಹಿಸುವಾಗ ಯಾವ ಶೈಲಿಯಾದರೂ ಸರಿ, ಉದ್ದಕ್ಕೂ ಒಂದೇ ರೀತಿ ಇದ್ದರೆ ಸಾಕು ಎನ್ನುವ ಜರ್ನಲ್‌ಗಳು ಈಗ ಹಲವಿವೆ. ಅಂಥದ್ದೊಂದರ ನಿಯಮಾವಳಿಯನ್ನು ಹಿಗ್ಗಿನಿಂದ ಹಿರಿಯರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ, ಕೊನೆಯ ಸಾಲಿನವರೆಗೂ ಓದಿ, "ಅರ್ಧವಿರಾಮವನ್ನೇ ಕೇಳದವರದು ಎಂಥ ಜರ್ನಲ್ ಅಪ್ಪ?" ಎಂದರು.